ರಾಜಬೀದಿಯ ಪರಿಕಲ್ಪನೆ ಮತ್ತು ಮೈಸೂರಿನ ಸಯ್ಯಾಜಿರಾವ್ ರಸ್ತೆ: ಕೊಳ್ಳೇಗಾಲ–ಯಳಂದೂರು ಸೀಮೆಯ ನೆಲೆಯಿಂದ ಒಂದು ಅಧ್ಯಯನ

ಪ್ರವೇಶ

ನಗರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಮನೆ, ಕೋಟೆ, ದೇವಾಲಯ ಮತ್ತು ಶಾಸನಗಳನ್ನು ಆಕರಗಳನ್ನಾಗಿ ಪರಿಗಣಿಸುತ್ತಾರೆ. ಇವುಗಳನ್ನು ಒಂದಕ್ಕೊಂದು ಜೋಡಿಸುವ ಬೀದಿ ಮಾತ್ರ ಅಧ್ಯಯನದ ಅಂಚಿನಲ್ಲಿಯೇ ಉಳಿಯುತ್ತದೆ. ಆದರೆ ನಗರವೊಂದರಲ್ಲಿ ಅರಸನೂ ಪ್ರಜೆಯೂ, ಉಳ್ಳವನೂ ಇಲ್ಲದವನೂ, ಊರಿನವನೂ ಪರಊರಿನವನೂ ಎದುರುಬದುರಾಗುವ ಸ್ಥಳ ಬೀದಿಯೇ ಆಗಿದೆ. ಆದ್ದರಿಂದ ಪ್ರಭುತ್ವವು ತನ್ನನ್ನು ತಾನು ಪ್ರದರ್ಶಿಸಿಕೊಳ್ಳುವ ಬಗೆಯನ್ನೂ ಆ ಪ್ರದರ್ಶನವನ್ನು ಜನ ತಮ್ಮದಾಗಿಸಿಕೊಳ್ಳುವ ಬಗೆಯನ್ನೂ ಒಟ್ಟಿಗೆ ಗುರುತಿಸಲು ಬೀದಿಯಷ್ಟು ಸಮರ್ಥವಾದ ಆಕರ ಮತ್ತೊಂದಿಲ್ಲ ಎನ್ನಬಹುದು.

ಪ್ರಸ್ತುತ ಲೇಖನವು ಮೈಸೂರಿನ ಸಯ್ಯಾಜಿರಾವ್ ರಸ್ತೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ. ವಿಜಯದಶಮಿಯಂದು ಜಂಬೂಸವಾರಿ ಸಾಗುವ ಈ ರಸ್ತೆಯನ್ನು ಅರಮನೆಯ ಕಡೆಯಿಂದ ನೋಡಿದ ಬರಹಗಳು ಹೇರಳವಾಗಿವೆ. ಇಲ್ಲಿ ಅದನ್ನು ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯ ಕಡೆಯಿಂದ ನೋಡಲಾಗಿದೆ. ಧನಗೆರೆಯಂತಹ ಹಳ್ಳಿಯಿಂದ ತಿರುಮಕೂಡಲು ನರಸೀಪುರದ ದಾರಿಯಾಗಿ ಮೈಸೂರಿಗೆ ಹೋಗುವವರಿಗೆ ಈ ರಸ್ತೆ ಹಬ್ಬದ ದಿನ ನೋಡಿ ಬರುವ ವೈಭವ ಮಾತ್ರವೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಚರಿತ್ರೆಯನ್ನು ಕೆದಕಿದರೆ ರಸ್ತೆಯ ತಳದಲ್ಲಿರುವ ನಾಲೆಯಲ್ಲಿ, ಅದರ ಮೇಲೆ ಬೆಳಗಿದ ದೀಪದಲ್ಲಿ, ರಾಜಬೀದಿಯ ನೀತಿಯನ್ನು ಕುರಿತ ಕಾವ್ಯಚಿಂತನೆಯಲ್ಲಿ ಈ ಸೀಮೆಯ ಪಾಲು ಇರುವುದು ಕಂಡುಬರುತ್ತದೆ. ಆ ಪಾಲನ್ನು ಗುರುತಿಸುವುದು ಲೇಖನದ ಉದ್ದೇಶ.

ಬೀದಿ, ಕೇರಿ, ರಸ್ತೆ: ಪದಗಳ ಸಾಕ್ಷ್ಯ

ಜನಸಂಚಾರದ ಸ್ಥಳವನ್ನು ಸೂಚಿಸಲು ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳು ಒಂದೊಂದೂ ಒಂದೊಂದು ಕಾಲಘಟ್ಟವನ್ನು ಪ್ರತಿನಿಧಿಸುತ್ತವೆ. ಹಾದಿ, ದಾರಿ, ಕೇರಿ ಮುಂತಾದವು ದೇಶ್ಯ ಪದಗಳು. ಬೀದಿ ಎಂಬುದು ಸಂಸ್ಕೃತದ ವೀಥಿ ಪದದ ತದ್ಭವ. ರಸ್ತೆ ಮತ್ತು ಬಜಾರು ಪಾರಸಿ ಮೂಲದವು. ಆಡಳಿತ ಮತ್ತು ವ್ಯಾಪಾರದ ಮೂಲಕ ಕನ್ನಡಕ್ಕೆ ಬಂದವು. ಸರ್ಕಲ್, ರೋಡು ಮುಂತಾದವು ಇಂಗ್ಲಿಷ್ ಆಡಳಿತದ ಕೊಡುಗೆ. ಕನ್ನಡದ ಉಪಲಬ್ಧ ಮೊದಲ ಗ್ರಂಥವೇ ‘ಕವಿರಾಜಮಾರ್ಗ’ ಎಂಬ ಹೆಸರನ್ನು ಹೊತ್ತಿರುವುದು ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ಅದನ್ನು ‘ಕವಿಗಳ ರಾಜಮಾರ್ಗ’ ಎಂದು ಬಿಡಿಸಿಕೊಂಡರೆ, ನಡೆಯುವ ದಾರಿಯ ರೂಪಕವು ನುಡಿಯುವ ದಾರಿಗೆ ಎಷ್ಟು ಹಿಂದೆಯೇ ಒದಗಿತ್ತೆಂಬುದು ತಿಳಿಯುತ್ತದೆ.

ಈ ಪದಗಳು ಕೇವಲ ಪರ್ಯಾಯಗಳಲ್ಲ. ಕೇರಿ ಎಂಬುದು ವಾಸದ ನೆಲೆ. ಅದರೊಡನೆ ಜಾತಿ ಮತ್ತು ಕಸುಬಿನ ಹೆಸರು ಸೇರಿಕೊಳ್ಳುತ್ತದೆ. ಬೀದಿಯೊಡನೆ ತೇರು, ರಾಜ, ಅಂಗಡಿ ಎಂಬ ವಿಶೇಷಣಗಳು ಸೇರುತ್ತವೆ. ರಸ್ತೆಯೊಡನೆ ವ್ಯಕ್ತಿಗಳ ಹೆಸರು ಸೇರುತ್ತದೆ. ಕೇರಿಯ ಹೆಸರನ್ನು ಅಲ್ಲಿ ಬಾಳುವವರ ಕುಲ ನಿರ್ಧರಿಸಿದರೆ, ಬೀದಿಯ ಹೆಸರನ್ನು ಅಲ್ಲಿ ನಡೆಯುವ ಕ್ರಿಯೆ ನಿರ್ಧರಿಸುತ್ತದೆ. ರಸ್ತೆಯ ಹೆಸರನ್ನು ಆಡಳಿತ ನಿರ್ಧರಿಸುತ್ತದೆ. ಮೈಸೂರಿನ ಈ ಒಂದೇ ಮಾರ್ಗದಲ್ಲಿ ಮೂರೂ ಇವೆ. ದಸರೆಯ ದಿನ ಅದು ರಾಜಬೀದಿ. ನಗರಸಭೆಯ ದಾಖಲೆಯಲ್ಲಿ ಸಯ್ಯಾಜಿರಾವ್ ರಸ್ತೆ. ಅದರ ಉತ್ತರದ ತುದಿಯ ಬಂಬೂ ಬಜಾರಿನ ಬಳಿ ಬಿದಿರಿನ ಕಸುಬಿನವರ ಮೇದರ ಬ್ಲಾಕು ಇದೆ.

ಕಾವ್ಯದ ರಾಜಬೀದಿ

ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆ ಒಂದು. ಪುರವರ್ಣನೆಯ ಭಾಗವಾಗಿ ರಾಜಬೀದಿ, ಅಂಗಡಿಬೀದಿ, ಸೂಳೆಗೇರಿ, ಹೂವಿನ ಸಂತೆ ಮುಂತಾದವುಗಳ ವರ್ಣನೆ ನಮ್ಮ ಕಾವ್ಯಗಳಲ್ಲಿ ಸಾಂಪ್ರದಾಯಿಕವಾಗಿ ಬರುತ್ತದೆ. ಮೈಸೂರು ಅರಸರ ಸಂದರ್ಭದಲ್ಲಿ ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ ಮುಖ್ಯವಾದುದು. 17ನೆಯ ಶತಮಾನದ ನಡುವಿನ ಈ ಸಾಂಗತ್ಯ ಕೃತಿಯು ಶ್ರೀರಂಗಪಟ್ಟಣದ ನವರಾತ್ರಿಯ ವೈಭವವನ್ನು ವಿಸ್ತಾರವಾಗಿ ಚಿತ್ರಿಸುತ್ತದೆ. ವಿಜಯನಗರದ ಮಹಾನವಮಿಯ ಪರಂಪರೆಯನ್ನು ಮುಂದುವರಿಸಿ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಉತ್ಸವವು ಕಂಠೀರವ ನರಸರಾಜ ಒಡೆಯರ (1638–1659) ಕಾಲಕ್ಕೆ ಕಾವ್ಯವಸ್ತುವಾಗುವಷ್ಟು ನೆಲೆಗೊಂಡಿತ್ತು. ಇಲ್ಲಿ ಬೀದಿಯು ಅರಸನ ಕೀರ್ತಿಯನ್ನು ತೋರುವ ರಂಗಸ್ಥಳ.

ಇದೇ ಶತಮಾನದಲ್ಲಿ ಯಳಂದೂರಿನಲ್ಲಿ ನೆಲೆಸಿದ್ದ ಷಡಕ್ಷರದೇವನು ರಾಜಬೀದಿಯ ಇನ್ನೊಂದು ಮುಖವನ್ನು ಕಂಡರಿಸಿದ್ದಾನೆ. ಅವನ ‘ರಾಜಶೇಖರ ವಿಳಾಸ’ದ ಕಥೆಯ ತಿರುವು ಸಂಭವಿಸುವುದು ಪಟ್ಟಣದ ಬೀದಿಯಲ್ಲಿಯೇ. ಸತ್ಯೇಂದ್ರಚೋಳನ ಮಗ ರಾಜಶೇಖರನು ಬೀದಿಯಲ್ಲಿ ಕುದುರೆಯನ್ನು ಓಡಿಸುತ್ತಾನೆ; ತಿರುಕೊಳವಿನಾಚಿ ಎಂಬ ಸಾಮಾನ್ಯ ಹೆಣ್ಣಿನ ಮಗನಾದ ಶಂಕರನೆಂಬ ಬಾಲಕ ಕುದುರೆಗೆ ಸಿಕ್ಕಿ ಸಾಯುತ್ತಾನೆ. ತಾಯಿಯ ಗೋಳು ಅರಮನೆಯನ್ನು ತಲುಪುತ್ತದೆ. ಅರಸನು ಮಗನೆಂಬ ಮೋಹವನ್ನು ಬದಿಗಿಟ್ಟು ಅವನಿಗೆ ಮರಣದಂಡನೆ ವಿಧಿಸುತ್ತಾನೆ. ಕೊನೆಗೆ ಶಿವಾನುಗ್ರಹದಿಂದ ಎಲ್ಲರೂ ಬದುಕುವ ಭಕ್ತಿಕಾವ್ಯದ ಮುಕ್ತಾಯವಿದ್ದರೂ, ನಡುವೆ ನಿಂತಿರುವ ಪ್ರಶ್ನೆ ರಾಜನೀತಿಗೆ ಸಂಬಂಧಿಸಿದ್ದು. ರಾಜಬೀದಿ ರಾಜಕುಮಾರನ ವಿಹಾರಕ್ಕೆ ಮೀಸಲಾದುದೋ, ಅಥವಾ ಅಲ್ಲಿ ಆಡುವ ಮಗುವಿನದೂ ಹೌದೋ? ಸತ್ಯೇಂದ್ರಚೋಳನ ತೀರ್ಪು ಬೀದಿಯನ್ನು ಮಗುವಿನ ಪಾಲಿಗೆ ಬಿಟ್ಟುಕೊಡುತ್ತದೆ. ಪ್ರೌಢ ಚಂಪೂವಿನ ಶಬ್ದಾಡಂಬರವನ್ನು ಕುರಿತ ವಿಮರ್ಶೆಯಲ್ಲಿ ಈ ಅಂಶ ಹಿಂದೆ ಸರಿಯುವುದುಂಟು. ತಿರುಕೊಳವಿನಾಚಿಯ ಶೋಕದ ಭಾಗ ಓದುಗರ ನೆನಪಿನಲ್ಲಿ ಉಳಿದಿರುವುದಕ್ಕೆ ಕರುಣರಸದ ಜೊತೆಗೆ ಈ ನ್ಯಾಯದ ಪ್ರಶ್ನೆಯೂ ಕಾರಣವೆಂದು ಭಾವಿಸಬಹುದು.

ಜನಪದ ಕಾವ್ಯದ ನಿಲುವು ಇದಕ್ಕಿಂತಲೂ ತೀಕ್ಷ್ಣವಾದುದು. ಚಿಕ್ಕಲ್ಲೂರಿನ ಪರಿಸರದಲ್ಲಿ ನೀಲಗಾರರು ಇಂದಿಗೂ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ಮಂಟೇಸ್ವಾಮಿಯು ಕಲ್ಯಾಣ ಪಟ್ಟಣಕ್ಕೆ ಬರುವುದು ಹೊಲಸು ಮೈಯ ರೂಪದಲ್ಲಿ. ಶುಭ್ರವಾಗಿ ಕಾಣುವವರಿಗೆ ತೆರೆದಿರುವ ಬಾಗಿಲು ಅವನಿಗೆ ಮುಚ್ಚುತ್ತದೆ. ಪಟ್ಟಣದ ಶುಭ್ರತೆ ಯಾರನ್ನು ಹೊರಗಿಟ್ಟು ಸಾಧಿತವಾಗಿದೆ ಎಂಬ ಪರೀಕ್ಷೆಯನ್ನು ಈ ಕಥನ ಒಡ್ಡುತ್ತದೆ. ಹೀಗೆ ರಾಜಬೀದಿಯನ್ನು ಕುರಿತ ಮೂರು ನಿಲುವುಗಳು ಮೈಸೂರು ಸೀಮೆಯ ಸಾಹಿತ್ಯದಲ್ಲಿಯೇ ದೊರೆಯುತ್ತವೆ: ಆಸ್ಥಾನ ಕವಿಯ ವೈಭವದ ಬೀದಿ, ಯಳಂದೂರಿನ ಕವಿಯ ನ್ಯಾಯದ ಬೀದಿ, ನೀಲಗಾರರ ಬಹಿಷ್ಕಾರದ ಬೀದಿ. ಸಯ್ಯಾಜಿರಾವ್ ರಸ್ತೆಯ ಚರಿತ್ರೆಯನ್ನು ಈ ಮೂರರ ಬೆಳಕಿನಲ್ಲಿ ಓದಬಹುದಾಗಿದೆ.

ನಾಲೆಯ ಮೇಲಿನ ರಸ್ತೆ

ಟಿಪ್ಪುಸುಲ್ತಾನನ ಪತನಾನಂತರ 1799ರಲ್ಲಿ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಮರಳಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ದಿವಾನ್ ಪೂರ್ಣಯ್ಯನವರು 1811ರವರೆಗೆ ಆಡಳಿತ ನಡೆಸಿದರು. ಕಾವೇರಿಯ ದಂಡೆಯಲ್ಲಿದ್ದ ಹಳೆಯ ರಾಜಧಾನಿಗೆ ನೀರಿನ ಕೊರತೆ ಇರಲಿಲ್ಲ. ಹೊಸ ರಾಜಧಾನಿಗೆ ಅದೇ ದೊಡ್ಡ ಸಮಸ್ಯೆಯಾಯಿತು. ಕಾವೇರಿಯ ನೀರನ್ನು ಮೈಸೂರಿಗೆ ಹರಿಸಲು ಪೂರ್ಣಯ್ಯನವರು ಕಾಲುವೆಯೊಂದನ್ನು ತೋಡಿಸಲು ತೊಡಗಿದರು. ಅಪಾರ ಶ್ರಮ ಮತ್ತು ವೆಚ್ಚದ ಅನಂತರವೂ ಆ ಉದ್ದೇಶ ಈಡೇರಲಿಲ್ಲ. ಊರಿನೊಳಗೆ ಹಾದುಹೋಗಿದ್ದ ಭಾಗ ಪೂರ್ಣಯ್ಯನ ನಾಲೆ ಎಂಬ ಹೆಸರಿನಲ್ಲಿ ಉಳಿಯಿತು. ನೀರು ತರಬೇಕಾಗಿದ್ದ ಕಾಲುವೆ ಕಾಲಕ್ರಮದಲ್ಲಿ ಊರಿನ ಕೊಳಚೆ ಹರಿಯುವ ತೆರೆದ ಚರಂಡಿಯಾಯಿತು.

ಈ ಚರಂಡಿಯನ್ನು ಮುಚ್ಚುವ ಕೆಲಸ ನಡೆದದ್ದು ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, 1886ರಲ್ಲಿ. ಐವತ್ತು ವರ್ಷಗಳ ಕಮಿಷನರುಗಳ ಆಡಳಿತದ ಬಳಿಕ 1881ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿತ್ತು. ಆಡಳಿತ ಕಚೇರಿಗಳು ಬೆಂಗಳೂರಿನಲ್ಲಿಯೇ ಉಳಿದಿದ್ದ ಕಾರಣ, ಅರಸರ ಊರಾದ ಮೈಸೂರಿಗೆ ಹೊಸ ರೂಪ ಕೊಡಬೇಕಾದ ಅಗತ್ಯ ಹೆಚ್ಚಾಗಿತ್ತು. ಮುಚ್ಚಿದ ನಾಲೆಯ ಜಾಡಿನಲ್ಲಿ, ಇಕ್ಕೆಲಗಳಲ್ಲಿ ಅಂಗಡಿಗಳ ಸಾಲನ್ನು ಹೊಂದಿದ ವಿಶಾಲವಾದ ರಸ್ತೆ ರೂಪುಗೊಂಡಿತು. 1898ರಲ್ಲಿ ಕಾಣಿಸಿಕೊಂಡ ಪ್ಲೇಗು ನಗರನೈರ್ಮಲ್ಯದ ಪ್ರಶ್ನೆಯನ್ನು ಇನ್ನಷ್ಟು ತುರ್ತಿನದಾಗಿಸಿತು. 20ನೆಯ ಶತಮಾನದ ಆರಂಭದಲ್ಲಿ ನಗರಾಭಿವೃದ್ಧಿಗೆಂದೇ ಪ್ರತ್ಯೇಕ ಮಂಡಲಿ ಸ್ಥಾಪನೆಯಾಗಿ, ಕಿಕ್ಕಿರಿದ ಕೇರಿಗಳನ್ನು ತೆರವುಗೊಳಿಸಿ ಹೊಸ ಬಡಾವಣೆಗಳನ್ನು ನಿರ್ಮಿಸುವ ಕಾರ್ಯ ನಡೆಯಿತು.

ಈ ಸಂಗತಿಯಲ್ಲಿ ಯಳಂದೂರಿನ ನಂಟು ಗಮನಾರ್ಹ. ಪೂರ್ಣಯ್ಯನವರ ಸೇವೆಯನ್ನು ಮನ್ನಿಸಿ 1807ರಲ್ಲಿ ಅವರಿಗೆ ಜಹಗೀರಾಗಿ ಕೊಡಲಾದುದು ಯಳಂದೂರು. ಅವರ ಹೆಸರನ್ನು ನೆನಪಿಸುವ ಬಂಗಲೆ ಅಲ್ಲಿ ಇಂದಿಗೂ ಇದೆ. ಯಳಂದೂರಿನಲ್ಲಿ ಅವರ ಹೆಸರು ನೆಲದ ಮೇಲೆ ಉಳಿಯಿತು. ಮೈಸೂರಿನಲ್ಲಿ ಅದು ರಸ್ತೆಯ ಅಡಿಗೆ ಸರಿಯಿತು. ವಿಫಲವಾದ ಯೋಜನೆಯೊಂದರ ಜಾಡು ನಗರದ ಅತ್ಯಂತ ವೈಭವದ ಮಾರ್ಗಕ್ಕೆ ತಳಹದಿಯಾದುದು ನಗರಚರಿತ್ರೆಯ ವೈಚಿತ್ರ್ಯ. ಧನಗೆರೆಯಂತಹ ಊರಹೆಸರುಗಳಲ್ಲಿ ‘ಕೆರೆ’ ಎಂಬ ಪದ ‘ಗೆರೆ’ಯಾಗಿ ಇನ್ನೂ ಕೇಳಿಸುತ್ತದೆ. ಮೈಸೂರಿನ ಈ ರಸ್ತೆಯ ಹೆಸರಿನಲ್ಲಿ ನೀರಿನ ಗುರುತು ಉಳಿದಿಲ್ಲ.

ರಸ್ತೆಯ ಹೆಗ್ಗುರುತುಗಳು

ಅರಮನೆಯ ಉತ್ತರದ ಬಲರಾಮ ದ್ವಾರದಿಂದ ಹೊರಟು, ಚಾಮರಾಜ ವೃತ್ತವನ್ನು ಬಳಸಿ, ಕೃಷ್ಣರಾಜ ವೃತ್ತವನ್ನು ತಲುಪಿದರೆ ಅಲ್ಲಿಂದ ಸಯ್ಯಾಜಿರಾವ್ ರಸ್ತೆ ಉತ್ತರಾಭಿಮುಖವಾಗಿ ಸಾಗುತ್ತದೆ. ವೃತ್ತದ ನಡುವೆ ಮಂಟಪದೊಳಗೆ ನಾಲ್ವಡಿ ಕೃಷ್ಣರಾಜ ಒಡೆಯರ (ಆಳ್ವಿಕೆ 1902–1940) ಪ್ರತಿಮೆ ಇದೆ. ಇಂದಿನ ಅಂಬಾವಿಲಾಸ ಅರಮನೆ ಅವರ ಕಾಲದ್ದು. 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅಂದರೆ ಅರಮನೆ ಮತ್ತು ರಾಜಬೀದಿ ಎರಡೂ ಇಂದಿನ ರೂಪ ತಳೆದದ್ದು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ. ‘ಪರಂಪರೆ’ ಎಂದು ಕರೆಯಲಾಗುವ ಮೈಸೂರಿನ ನೋಟ ಬಹುಮಟ್ಟಿಗೆ ಆಧುನಿಕ ಕಾಲದ ನಿರ್ಮಿತಿ ಎಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ವೃತ್ತದ ಬಳಿಯೇ ಇರುವ ಚಿಕ್ಕ ಗಡಿಯಾರ ವೈಸ್‌ರಾಯ್ ಡಫರಿನ್ನರ 1886ರ ಭೇಟಿಯ ನೆನಪಿನದು. ನಾಲೆ ಮುಚ್ಚಿದ ವರ್ಷವೇ ಗಡಿಯಾರವೂ ಬಂದಿತು. ಅದರ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡ ಮತ್ತೊಬ್ಬ ವೈಸ್‌ರಾಯಿಯ 1892ರ ಭೇಟಿಯನ್ನು ಸ್ಮರಿಸುತ್ತದೆ. ಇದರ ಕಮಾನುಗಳ ಕೆಳಗಿನ ಹಳೆಯ ಪುಸ್ತಕಗಳ ಅಂಗಡಿಗಳು ಮೈಸೂರಿನಲ್ಲಿ ಓದಿದ ಅನೇಕ ತಲೆಮಾರುಗಳ ವಿದ್ಯಾರ್ಥಿಗಳಿಗೆ ಪರಿಚಿತ. ಸುತ್ತಣ ತಾಲ್ಲೂಕುಗಳಿಂದ ಬಂದ ಬಡ ವಿದ್ಯಾರ್ಥಿಗಳ ಪಾಲಿಗೆ ವೈಸ್‌ರಾಯಿಯ ಸ್ಮಾರಕ ಅರ್ಧ ಬೆಲೆಗೆ ಪಠ್ಯಪುಸ್ತಕ ದೊರೆಯುವ ಸ್ಥಳವಾಗಿತ್ತು.

ಕೂಗಳತೆಯ ದೂರದಲ್ಲಿ ರಂಗಾಚಾರ್ಲು ಸ್ಮಾರಕ ಪುರಭವನವೂ (1884) ಅದರ ಮುಂದೆ ದೊಡ್ಡ ಗಡಿಯಾರವೂ ಇವೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ನಿರ್ಮಾಣವಾದ ಈ ಗೋಪುರದ ಎತ್ತರ 75 ಅಡಿ. ಗಡಿಯಾರದ ಮುಖದ ಮೇಲೆ ಅಂಕೆಗಳು ಕನ್ನಡದಲ್ಲಿರುವುದು ವಿಶೇಷ. ಚಿಕ್ಕ ಗಡಿಯಾರ ವೈಸ್‌ರಾಯಿಯ ಗೌರವಾರ್ಥ, ದೊಡ್ಡ ಗಡಿಯಾರ ನಾಡಿನ ಅರಸರ ಗೌರವಾರ್ಥ. ಎರಡರ ನಡುವಿನ ನಾಲ್ಕು ದಶಕಗಳಲ್ಲಿ ಸಂಸ್ಥಾನದ ಆತ್ಮಪ್ರಜ್ಞೆ ಪಡೆದ ಬದಲಾವಣೆಗೆ ಈ ಅಂಕೆಗಳನ್ನು ಸಾಕ್ಷಿಯಾಗಿ ಪರಿಗಣಿಸಬಹುದು.

ರಸ್ತೆಯ ಪಶ್ಚಿಮ ಬದಿಯಲ್ಲಿ, ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಚಾಚಿಕೊಂಡಿರುವುದು ದೇವರಾಜ ಮಾರುಕಟ್ಟೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಡದ ರೂಪ ಪಡೆದ ಈ ಮಾರುಕಟ್ಟೆ ರಸ್ತೆಯ ನಿಜವಾದ ಜೀವಾಳ. ವರ್ಷಕ್ಕೊಂದು ದಿನ ಆನೆ ನಡೆಯುವ ರಸ್ತೆಯಲ್ಲಿ ಉಳಿದ ದಿನಗಳಂದು ನಡೆಯುವವರು ಹೂ, ಹಣ್ಣು, ತರಕಾರಿ ಕೊಳ್ಳಲು ಬರುವವರು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡಿನ ರಸಬಾಳೆ ಈ ಮಾರುಕಟ್ಟೆಯ ಮೂಲಕವೇ ಹೆಸರು ಗಳಿಸಿದವು. ಕೇಜಿ, ಮೀಟರುಗಳ ಅಳತೆ ಕಾನೂನಾಗಿ ಅರ್ಧ ಶತಮಾನ ಕಳೆದಿದ್ದರೂ ಇಲ್ಲಿ ಹೂವು ಮೊಳ ಮತ್ತು ಮಾರಿನಲ್ಲಿ, ಎಲೆ ಕಟ್ಟಿನಲ್ಲಿ, ಬಾಳೆ ಚಿಪ್ಪು ಮತ್ತು ಗೊನೆಯಲ್ಲಿ ಲೆಕ್ಕವಾಗುತ್ತದೆ. ಯಳಂದೂರಿನವಳೆಂದು ಹೇಳಲಾಗುವ, ಚಿಕ್ಕದೇವರಾಜ ಒಡೆಯರ ಅಂತಃಪುರದಲ್ಲಿ ಎಲೆಅಡಕೆಯ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಹೊನ್ನಮ್ಮನ ಹೆಸರಿಗೆ ‘ಸಂಚಿ’ ಅಂಟಿಕೊಂಡಿರುವುದನ್ನು ನೆನೆದರೆ, ವೀಳ್ಯದೆಲೆ ಅರಮನೆ ಮತ್ತು ಮಾರುಕಟ್ಟೆ ಎರಡನ್ನೂ ಬಲ್ಲ ವಸ್ತುವೆಂಬುದು ಹೊಳೆಯುತ್ತದೆ. ಅರಮನೆಯ ಅಡುಗೆಮನೆಯಿಂದ ಬೀದಿಗೆ ಬಂದ ಇನ್ನೊಂದು ವಸ್ತು ಮೈಸೂರುಪಾಕು. ಅದನ್ನು ಮೊದಲು ಮಾಡಿದವರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರೆಂಬುದು ಐತಿಹ್ಯ. ಅವರ ವಂಶದವರ ಮಿಠಾಯಿ ಅಂಗಡಿ ಈ ರಸ್ತೆಯಲ್ಲಿಯೇ ಇದೆ.

ಮುಂದೆ ಇರ್ವಿನ್ ರಸ್ತೆ ಕೂಡುವಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಇದೆ. 1908ರಲ್ಲಿ ಶಾಲೆಯಾಗಿ ಆರಂಭವಾದ ಈ ಸಂಸ್ಥೆಯ ಆಸುಪಾಸಿನಲ್ಲಿ ಪಾಶ್ಚಾತ್ಯ ವೈದ್ಯಪದ್ಧತಿಯ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಇದೆ. ಕೊಳ್ಳೇಗಾಲ, ಹನೂರು ಭಾಗದ ಹಳ್ಳಿಗಳ ಜನರ ಆಡುಮಾತಿನಲ್ಲಿ ‘ಮೈಸೂರಿಗೆ ಹಾಕಿದರು’ ಎಂದರೆ ರೋಗಿಯನ್ನು ಈ ‘ದೊಡ್ಡಾಸ್ಪತ್ರೆ’ಗೆ ಸೇರಿಸಿದರು ಎಂದೇ ಅರ್ಥ. ಹಬ್ಬಕ್ಕೆ ಬಂದವರಿಗಿಂತ ಕಾಯಿಲೆಯವರ ಜೊತೆಗೆ ಬಂದು ಈ ರಸ್ತೆಯನ್ನು ಕಂಡವರ ಸಂಖ್ಯೆ ಕಡಿಮೆಯೇನಲ್ಲ.

ಮೆರವಣಿಗೆ ಮತ್ತು ಸಭೆ

ಜಂಬೂಸವಾರಿಯ ಹಾದಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು. ಕೃಷ್ಣರಾಜ ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಕಾಲೇಜು ವೃತ್ತ, ಬಂಬೂ ಬಜಾರ್, ಹೈವೇ ವೃತ್ತಗಳ ಮೂಲಕ ಅದು ಸಾಗುತ್ತದೆ. ಅರಸರು ಅಂಬಾರಿಯಲ್ಲಿ ಕುಳಿತು ಸಾಗಿದ ಕೊನೆಯ ಮೆರವಣಿಗೆ ಜಯಚಾಮರಾಜ ಒಡೆಯರ ಕಾಲದ 1969ರದು. 1971ರಲ್ಲಿ ರಾಜಧನ ರದ್ದಾಯಿತು. ಅನಂತರ ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿಯನ್ನು ಇರಿಸುವ ಪದ್ಧತಿ ನೆಲೆಗೊಂಡಿತು. ಪ್ರಜಾಪ್ರಭುತ್ವದಲ್ಲಿ ಅರಸನ ಸ್ಥಾನವನ್ನು ಜನಪ್ರತಿನಿಧಿ ತುಂಬಲಾಗಲಿಲ್ಲ, ದೇವತೆ ತುಂಬಿದಳು. ಮುಖ್ಯಮಂತ್ರಿಯು ನಂದಿಧ್ವಜಕ್ಕೆ ಪೂಜೆ ಸಲ್ಲಿಸಿ ಪುಷ್ಪಾರ್ಚನೆ ಮಾಡುವವರೆಗೆ ಮಾತ್ರ ಹೋಗಬಲ್ಲರು, ಅಂಬಾರಿ ಏರಲಾರರು. 2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಸವಾರಿಯನ್ನು ಅರಮನೆಯ ಆವರಣಕ್ಕೆ ಸೀಮಿತಗೊಳಿಸಿದಾಗ, ಬೀದಿಯಿಲ್ಲದ ಮೆರವಣಿಗೆ ಎಷ್ಟು ಅಪೂರ್ಣವೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಸಂಸ್ಥಾನದ ಕಾಲದಲ್ಲಿ ದಸರೆಗೆ ಇನ್ನೊಂದು ಆಯಾಮವಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ 144 ಸದಸ್ಯರೊಂದಿಗೆ ಆರಂಭವಾದ ಪ್ರಜಾಪ್ರತಿನಿಧಿ ಸಭೆ ದಸರೆಯ ಕಾಲದಲ್ಲಿಯೇ ಮೈಸೂರಿನಲ್ಲಿ ಸೇರುತ್ತಿತ್ತು. ತಾಲ್ಲೂಕುಗಳಿಂದ ಬಂದವರು ಮೆರವಣಿಗೆಯನ್ನು ನೋಡುವುದರೊಡನೆ ತಮ್ಮ ಸೀಮೆಯ ಅಹವಾಲುಗಳನ್ನೂ ಸಭೆಯ ಮುಂದಿಡುವ ಅವಕಾಶ ಹೀಗೆ ಏರ್ಪಟ್ಟಿತು. ನೋಡುವ ಪ್ರಜೆ ಮಾತನಾಡುವ ಪ್ರಜೆಯೂ ಆದುದು ಈ ಸಂದರ್ಭದ ಮಹತ್ವ.

ಆದರೆ ಈ ಅವಕಾಶ ಎಲ್ಲರಿಗೂ ಸಮಾನವಾಗಿರಲಿಲ್ಲ. 1799ರ ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿನಿಂದ ಬೇರ್ಪಟ್ಟು ಕಂಪನಿಯ ಆಳ್ವಿಕೆಗೆ ಒಳಪಟ್ಟು, ಮದ್ರಾಸ್ ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಪಕ್ಕದ ಯಳಂದೂರು ಪೂರ್ಣಯ್ಯನವರ ವಂಶದ ಜಹಗೀರಾಗಿ ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. ಒಂದೇ ನುಡಿಯನ್ನಾಡುವ, ಹೆಣ್ಣು ಕೊಟ್ಟು ತರುವ, ಒಂದೇ ಮಾದಪ್ಪನಿಗೆ ಹರಕೆ ಹೊರುವ ಜನರ ನಡುವೆ ಎರಡು ಆಡಳಿತಗಳ ಗಡಿ ಎದ್ದಿತು. ಕೊಳ್ಳೇಗಾಲದವರು ಮೈಸೂರಿನ ರಾಜಬೀದಿಯಲ್ಲಿ ನಿಂತು ಸವಾರಿಯನ್ನು ನೋಡಬಹುದಾಗಿತ್ತು. ಅವರ ಪರವಾಗಿ ಮಾತನಾಡುವ ಸದಸ್ಯ ಸಭೆಯಲ್ಲಿ ಇರಲಿಲ್ಲ. 1956ರ ನವೆಂಬರ್ 1ರಂದು ಭಾಷಾವಾರು ಪುನರ್ವಿಂಗಡಣೆಯಿಂದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಈ ನೋಡುಗರಿಗೆ ಪೌರತ್ವದ ಹಕ್ಕು ದೊರೆಯಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದ ಮೇಲೆ ಆಡಳಿತದ ನಂಟು ಮತ್ತೆ ಸಡಿಲಗೊಂಡರೂ ಮಾರುಕಟ್ಟೆ, ಆಸ್ಪತ್ರೆ, ಕಾಲೇಜುಗಳ ನಂಟು ಮುಂದುವರಿದಿದೆ.

ಬೆಳಕಿನ ಮೂಲ

ರಾಜಬೀದಿಯ ವೈಭವದಲ್ಲಿ ದೀಪಾಲಂಕಾರಕ್ಕೆ ಅಗ್ರಸ್ಥಾನವಿದೆ. ಅರಮನೆಯ ಮೇಲೆ ಬೆಳಗುವ ಬಲ್ಬುಗಳ ಸಂಖ್ಯೆ ಸುಮಾರು ಒಂದು ಲಕ್ಷ. ಈ ಬೆಳಕಿನ ಮೂಲ ಕಾವೇರಿ ಎರಡು ಕವಲಾಗಿ ಧುಮುಕುವ ಶಿವನಸಮುದ್ರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಜಲವಿದ್ಯುತ್ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ವಿದ್ಯುತ್ತನ್ನು ಒದಗಿಸಿತು. ಗಗನಚುಕ್ಕಿ ಮಳವಳ್ಳಿಯ ಕಡೆಗಿದ್ದರೆ ಭರಚುಕ್ಕಿ ಕೊಳ್ಳೇಗಾಲದ ಕಡೆಗಿದೆ. ವಿದ್ಯುತ್ ಉತ್ಪಾದನೆ ಆರಂಭವಾದಾಗ ನದಿಯ ಒಂದು ದಂಡೆ ಮೈಸೂರು ಸಂಸ್ಥಾನಕ್ಕೂ ಇನ್ನೊಂದು ದಂಡೆ ಮದ್ರಾಸ್ ಆಧಿಪತ್ಯಕ್ಕೂ ಸೇರಿತ್ತು.

ಪೂರ್ಣಯ್ಯನವರು ಕಾವೇರಿಯನ್ನು ನೀರಾಗಿ ಮೈಸೂರಿಗೆ ತರಲು ಯತ್ನಿಸಿ ಸೋತರು; ಶತಮಾನದ ಅನಂತರ ಅದೇ ನದಿ, ಅವರ ನಾಲೆಯ ಜಾಡಿನ ಮೇಲೆಯೇ, ಬೆಳಕಾಗಿ ಬಂದಿತು. ಆದರೆ ಜಲಪಾತದ ಭೋರ್ಗರೆತ ಕೇಳಿಸುವ ಹಳ್ಳಿಗಳಿಗೆ ಆ ಬೆಳಕು ತಲುಪಲು ಇನ್ನೂ ಅನೇಕ ದಶಕಗಳು ಹಿಡಿದವು. ರಾಜಧಾನಿಯ ವೈಭವಕ್ಕೆ ಅಂಚಿನ ಸೀಮೆಗಳು ಸಲ್ಲಿಸಿದ ಕಾಣಿಕೆಯನ್ನು ನಗರಚರಿತ್ರೆಗಳು ದಾಖಲಿಸುವುದು ವಿರಳ. ದೀಪಾಲಂಕಾರದ ವರ್ಣನೆಯಲ್ಲಿ ಅರಮನೆಯ ಹೆಸರು ಬರುವಂತೆ ನದಿಯ ದಂಡೆಯ ಊರುಗಳ ಹೆಸರು ಬರುವುದಿಲ್ಲ.

ಹೆಸರುಗಳ ಪಲ್ಲಟ

ರಸ್ತೆಯ ಹೆಸರಿನಲ್ಲಿರುವ ಸಯ್ಯಾಜಿರಾವ್, ಬರೋಡಾ ಸಂಸ್ಥಾನವನ್ನು 1875ರಿಂದ 1939ರವರೆಗೆ ಆಳಿದ ಮೂರನೆಯ ಸಯ್ಯಾಜಿರಾವ್ ಗಾಯಕವಾಡರು. 1906ರಲ್ಲಿ ತಮ್ಮ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದವರು. 1913ರಲ್ಲಿ ಅಂಬೇಡ್ಕರ್ ಅವರ ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ ನೀಡಿದವರು. ಮೈಸೂರಿನಲ್ಲಿಯೂ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಪ್ರಗತಿಪರ ಸಂಸ್ಥಾನಗಳೆಂದು ಹೆಸರಾಗಿದ್ದ ಎರಡರ ನಡುವಿನ ಗೌರವವನ್ನು ಈ ಹೆಸರು ದಾಖಲಿಸುತ್ತದೆ. ಸುತ್ತಮುತ್ತ ಡಫರಿನ್, ಲ್ಯಾನ್ಸ್‌ಡೌನ್, ಹಾರ್ಡಿಂಜ್, ಇರ್ವಿನ್ ಎಂಬ ವೈಸ್‌ರಾಯಿಗಳ ಹೆಸರುಗಳಿರುವಾಗ ಮುಖ್ಯ ಮಾರ್ಗಕ್ಕೆ ಭಾರತೀಯ ಅರಸನೊಬ್ಬನ ಹೆಸರಿರುವುದು ಸಣ್ಣ ಸಂಗತಿಯೇನಲ್ಲ.

ವೈಸ್‌ರಾಯಿಗಳ ಹೆಸರುಗಳನ್ನು ಜನ ಸ್ವೀಕರಿಸಿದ ರೀತಿ ಇನ್ನೂ ಸ್ವಾರಸ್ಯಕರ. ಡಫರಿನ್ ಗೋಪುರ ‘ಚಿಕ್ಕ ಗಡಿಯಾರ’ವಾಯಿತು, ಬೆಳ್ಳಿಹಬ್ಬದ ಗೋಪುರ ‘ದೊಡ್ಡ ಗಡಿಯಾರ’ವಾಯಿತು. ಯಾರ ಸ್ಮಾರಕವೆಂಬುದನ್ನು ಬಿಟ್ಟು, ಏನು ಕಾಣುತ್ತದೆಂಬುದನ್ನು ಜನ ಹಿಡಿದರು. ಈ ನಾಮಕರಣಕ್ಕೆ ಸಭೆಯೂ ಇಲ್ಲ, ಆದೇಶವೂ ಇಲ್ಲ. ಆದರೂ ಆಡಳಿತ ಕೊಟ್ಟ ಹೆಸರುಗಳಿಗಿಂತ ಇದು ಬಾಳಿತು. ಹಾರ್ಡಿಂಜ್ ವೃತ್ತಕ್ಕೆ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂದ ಮೇಲೂ ಹಳೆಯ ಹೆಸರು ಆಡುಮಾತಿನಲ್ಲಿ ಉಳಿದಿರುವುದನ್ನು ನೋಡಿದರೆ, ಹೆಸರಿನ ಬದಲಾವಣೆಗೂ ಬಳಕೆಯ ಬದಲಾವಣೆಗೂ ಇರುವ ಅಂತರ ತಿಳಿಯುತ್ತದೆ. ಸ್ಥಳನಾಮ ಅಧ್ಯಯನವು ಗ್ರಾಮನಾಮಗಳಿಗೆ ಕೊಟ್ಟಷ್ಟು ಗಮನವನ್ನು ನಗರದ ಬೀದಿ, ವೃತ್ತ, ಬಸ್‌ನಿಲ್ದಾಣಗಳ ಹೆಸರುಗಳಿಗೂ ಕೊಡಬೇಕಾಗಿದೆ.

ಉಳಿವಿನ ಪ್ರಶ್ನೆ

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸಾವಿಗೀಡಾದರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಈ ಕಟ್ಟಡಗಳನ್ನು ಕೆಡವಿ ಹಳೆಯ ಹೊರರೂಪದಲ್ಲಿಯೇ ಮರುನಿರ್ಮಿಸಬೇಕೆಂಬುದು ಒಂದು ವಾದ; ಸುಣ್ಣಗಾರೆಯ ಮೂಲ ವಿಧಾನದಲ್ಲಿ ದುರಸ್ತಿಗೊಳಿಸಿ ಉಳಿಸಿಕೊಳ್ಳಬಹುದೆಂಬುದು ಪಾರಂಪರಿಕ ಕಟ್ಟಡಗಳ ತಜ್ಞರ ವಾದ. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಎರಡೂ ಕಡೆಯಲ್ಲಿ ತೂಕದ ಮಾತುಗಳಿವೆ. ಪುಸ್ತಕ ಕೊಳ್ಳಲು, ಹೂವು ಕೊಳ್ಳಲು ಬಂದವರ ಪ್ರಾಣಕ್ಕಿಂತ ಕಮಾನಿನ ಚೆಲುವು ದೊಡ್ಡದಲ್ಲ. ಅದೇ ರೀತಿ, ದಶಕಗಳ ಕಾಲ ದುರಸ್ತಿಯನ್ನು ಮುಂದೂಡಿ ಕಟ್ಟಡ ಶಿಥಿಲವಾದ ಮೇಲೆ ಕೆಡವುವುದೊಂದೇ ದಾರಿ ಎನ್ನುವುದೂ ನ್ಯಾಯವಲ್ಲ.

ಈ ವಾದದಲ್ಲಿ ಹೆಚ್ಚು ಕೇಳಿಬರುವುದು ಕಟ್ಟಡದ ಮಾತು. ಕಡಿಮೆ ಕೇಳಿಬರುವುದು ಅದರೊಳಗಿನ ಬದುಕಿನ ಮಾತು. ಗೋಡೆಯನ್ನು ಅದೇ ಅಳತೆಯಲ್ಲಿ ಮತ್ತೆ ಕಟ್ಟಬಹುದು. ಮೂರು ನಾಲ್ಕು ತಲೆಮಾರಿನಿಂದ ಒಂದೇ ಮಳಿಗೆಯಲ್ಲಿ ಕುಳಿತ ವ್ಯಾಪಾರಿ, ನೆಲದ ಮೇಲೆ ಬುಟ್ಟಿಯಿಟ್ಟು ಮಾರುವ ಹೆಂಗಸು, ಮುಂಜಾನೆ ಹೂವು ತರುವ ಹಳ್ಳಿಯವನು, ಇವರ ನಡುವೆ ನಂಬಿಕೆಯ ಮೇಲೆ ನಡೆಯುವ ಸಾಲದ ಲೆಕ್ಕ, ಇವರ ವ್ಯವಹಾರದ ನುಡಿಗಟ್ಟು ಒಮ್ಮೆ ಚದುರಿದರೆ ಮರಳಿ ಕೂಡಿಸುವುದು ಕಷ್ಟ. ರಸ್ತೆಯನ್ನು ಸ್ವಚ್ಛ, ಸುಂದರಗೊಳಿಸುವ ಪ್ರತಿಯೊಂದು ಯೋಜನೆಯೂ ಯಾರನ್ನಾದರೂ ಬಾಗಿಲಾಚೆ ನಿಲ್ಲಿಸುತ್ತದೆಯೇ ಎಂಬ ಮಂಟೇಸ್ವಾಮಿಯ ಪರೀಕ್ಷೆಯನ್ನು ಇಲ್ಲಿ ಮತ್ತೆ ಎದುರಿಸಬೇಕಾಗುತ್ತದೆ. ನೂರಿಪ್ಪತ್ತು ವರ್ಷಗಳ ಹಿಂದೆ ನೈರ್ಮಲ್ಯಕ್ಕಾಗಿ ಕೇರಿಗಳನ್ನು ತೆರವುಗೊಳಿಸಿದಾಗ ಅಲ್ಲಿಂದ ಎದ್ದು ಹೋದವರ ಕಥನ ಇಂದು ನಮಗೆ ದೊರೆಯುವುದಿಲ್ಲ. ಮಾರುಕಟ್ಟೆಯ ವಿಷಯದಲ್ಲಿ ಅದೇ ತಪ್ಪು ಪುನರಾವರ್ತನೆಯಾಗಬೇಕಾಗಿಲ್ಲ.

ಸಮಾರೋಪ

ಈವರೆಗಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಮೈಸೂರಿನ ರಾಜಬೀದಿ ಅನಾದಿ ಕಾಲದ ಪರಂಪರೆಯಲ್ಲ. ವಿಫಲವಾದ ನಾಲೆಯೊಂದರ ಜಾಡಿನಲ್ಲಿ, 1886ರ ಅನಂತರ ರೂಪುಗೊಂಡ ಆಧುನಿಕ ನಿರ್ಮಿತಿ. ಎರಡು, ಅದರ ವೈಭವಕ್ಕೆ ರಾಜಧಾನಿಯ ಹೊರಗಿನ ಸೀಮೆಗಳು, ವಿಶೇಷವಾಗಿ ಕಾವೇರಿ ದಂಡೆಯ ಕೊಳ್ಳೇಗಾಲ ಪ್ರದೇಶ, ಕಾರಣವಾಗಿದ್ದರೂ 1956ರವರೆಗೆ ಅಲ್ಲಿನ ಜನ ಈ ಬೀದಿಯಲ್ಲಿ ನೋಡುಗರಾಗಿ ಮಾತ್ರ ಉಳಿದರು. ಮೂರು, ಬೀದಿಯನ್ನು ವೈಭವದ ನೆಲೆಯಿಂದ ಮಾತ್ರವಲ್ಲದೆ ನ್ಯಾಯದ ನೆಲೆಯಿಂದಲೂ ಬಹಿಷ್ಕಾರದ ನೆಲೆಯಿಂದಲೂ ನೋಡಬಲ್ಲ ದೃಷ್ಟಿಯನ್ನು ಯಳಂದೂರು–ಕೊಳ್ಳೇಗಾಲ ಸೀಮೆಯ ಶಿಷ್ಟ ಮತ್ತು ಜನಪದ ಕಾವ್ಯಗಳು ಮೊದಲೇ ಒದಗಿಸಿವೆ. ನಗರ ಅಧ್ಯಯನಕ್ಕೆ ಸಿದ್ಧಾಂತಗಳನ್ನು ಹೊರಗಿನಿಂದ ತರುವ ಮೊದಲು ‘ರಾಜಶೇಖರ ವಿಳಾಸ’ ಮತ್ತು ಮಂಟೇಸ್ವಾಮಿ ಕಾವ್ಯಗಳನ್ನು ಈ ಕಣ್ಣಿನಿಂದ ಮರುಓದುವುದು ಫಲಪ್ರದವಾದೀತು.

ಕನ್ನಡ ಅಧ್ಯಾಪಕರು ಮತ್ತು ಸಂಶೋಧಕರು ತುರ್ತಾಗಿ ಕೈಗೊಳ್ಳಬೇಕಾದ ಕೆಲಸಗಳೂ ಇವೆ. ದೇವರಾಜ ಮಾರುಕಟ್ಟೆಯ ವೃತ್ತಿಪದಗಳ ಸಂಗ್ರಹ, ರಸ್ತೆಯ ಹಳೆಯ ಅಂಗಡಿಗಳ ನಾಮಫಲಕಗಳ ದಾಖಲೆ, ಸಂಸ್ಥಾನದ ಕಾಲದ ದಸರೆಯನ್ನು ಬಾಲ್ಯದಲ್ಲಿ ಕಂಡ ಹಳ್ಳಿಗರ ನೆನಪುಗಳ ಧ್ವನಿಮುದ್ರಣ ಇವುಗಳಲ್ಲಿ ಮುಖ್ಯವಾದವು. ಕೊನೆಯದಕ್ಕೆ ಸಮಯ ಬಹಳ ಕಡಿಮೆ. 1956ಕ್ಕೆ ಮೊದಲು ಮದ್ರಾಸ್ ಸರ್ಕಾರದ ಪ್ರಜೆಗಳಾಗಿ ಕೊಳ್ಳೇಗಾಲದಿಂದ ಗಾಡಿ ಕಟ್ಟಿಕೊಂಡೋ ಬಸ್ಸು ಹಿಡಿದೋ ಬಂದು, ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ನಿಂತು ಮೈಸೂರಿನ ಅರಸರನ್ನು ನೋಡಿದವರಲ್ಲಿ ಈಗ ಉಳಿದಿರುವವರು ಎಂಬತ್ತು ದಾಟಿದವರು. ಅವರು ಕಂಡ ಬೀದಿ ಯಾವ ಗೆಜೆಟಿಯರಿನಲ್ಲಿಯೂ ಇಲ್ಲ.